ಅವ್ವನ ಸೆರಗಿನ ಗಂಟು

ಸಂಜೆ ಬೆಟ್ಟದ ಕಡೆಯಿಂದ ಮಂಜು ಇಳಿದು ಹೊಲಗಳ ಮೇಲೆ ಮೆಲ್ಲಗೆ ಮಲಗುವ ವೇಳೆಗೆ ಅರ್ಚನ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದಳು. ಜಗಲಿಯ ಮೇಲೆ ಅವಳ ನಾಲ್ಕು ವರ್ಷದ ಮಗಳು ಮೇಘ ಕಾದು ಕೂತಿರುತ್ತಿದ್ದಳು. ಪಕ್ಕದಲ್ಲಿ ಅತ್ತೆ ವೆಂಕಟಮ್ಮ. ವೆಂಕಟಮ್ಮನ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಆಕೆಗೆ ಬೆಟ್ಟವೂ ಮೋಡವೂ ಒಂದೇ ಬಣ್ಣ. ಸೊಸೆ ಬಂದಳೆಂದು ತಿಳಿಯುತ್ತಿದ್ದುದು ಬಳೆಯ ಸದ್ದಿನಿಂದ.

ಅರ್ಚನ ಕೈಕಾಲು ತೊಳೆದು ಬಂದು ಸೆರಗಿನ ತುದಿಯ ಗಂಟನ್ನು ಮಗಳ ಮುಂದೆ ಹಿಡಿಯುತ್ತಿದ್ದಳು. ದಿನಕ್ಕೊಂದು ವಸ್ತು ಆ ಗಂಟಿನಲ್ಲಿ ಇರುತ್ತಿತ್ತು.

"ಕಣ್ಣಲ್ಲಲ್ಲ, ಕೈಯಲ್ಲಿ ನೋಡು."

ಮೇಘ ಬಟ್ಟೆಯ ಮೇಲಿಂದಲೇ ಬೆರಳಾಡಿಸುತ್ತಿದ್ದಳು. "ಉದ್ದಕದೆ. ಒಳಗೆ ಗಲಗಲ ಅಂತದೆ."

"ಅದು ಯಾರ್ ಮನೆ ಇರ್ಬೋದು?"

"ಬೀಜದ್ ಮನೆ!"

ಗಂಟು ಬಿಚ್ಚಿದರೆ ಬಾಗೆ ಮರದ ಒಣಗಿದ ಕಾಯಿ. ಇನ್ನೊಂದು ದಿನ ಹಳ್ಳದ ನುಣ್ಣನೆಯ ಕಲ್ಲು. ಮತ್ತೊಂದು ದಿನ ಗೀಜಗ ಬಿಟ್ಟುಹೋದ ಗೂಡಿನ ಒಂದು ತುಂಡು. ಬೆಳಗಾದರೆ ವೆಂಕಟಮ್ಮ ಜಗಲಿ ಗುಡಿಸುವಾಗ ಪೊರಕೆಗೆ ಸಿಕ್ಕಿದ್ದೆಲ್ಲ ತಿಪ್ಪೆಗೆ ಹೋಗುತ್ತಿತ್ತು. ಮೇಘ ಅಳುತ್ತಿರಲಿಲ್ಲ. ತಿಪ್ಪೆಯ ಅಂಚಿಗೆ ಹೋಗಿ ಕೈಗೆ ಎಟುಕಿದ್ದನ್ನು ಆಯ್ದು ತರುತ್ತಿದ್ದಳು.

ಹೀಗಿರುವಾಗ ಚಾಮರಾಜನಗರದಿಂದ ವೆಂಕಟಮ್ಮನ ಮಗಳು ಪೂಜ ಫೋನ್ ಮಾಡಿದಳು.

"ಅವ್ವಾ, ನಮ್ ಪಕ್ಕದ್ ಮನೆ ಕೂಸು ಮೇಘನ್ ವಾರಗೇನೆ. ಎ ಬಿ ಸಿ ಡಿ ಪಟಪಟ ಅಂತ ಯೋಳ್ತದೆ. ನಮ್ ಕೂಸು ಏನ್ ಯೋಳ್ತದೆ?"

ವೆಂಕಟಮ್ಮ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಇಲ್ಲಿಗೆ ಕಳ್ಸ್ಬುಡು. ನಮ್ಮನೇಲೇ ಇದ್ಕಂಡು ದೊಡ್ಡ ಸ್ಕೂಲಿಗೋಗ್ಲಿ. ಸೀಟು ಯೋಳಿವ್ನಿ. ಸೋಮವಾರ ಕರ್ಕಂಡ್ ಬಾ."

ವೆಂಕಟಮ್ಮ ಒಪ್ಪಿಕೊಂಡಳು. ಅವಳಿಗೆ ಅಕ್ಷರ ಬಾರದು. ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು, "ಇದು ಎಲ್ಲಿಗ್ ಓಯ್ತದೆ ಸಾಮಿ?" ಎಂದು ಊರವರನ್ನೆಲ್ಲ ಕೇಳಿಕೊಂಡೇ ಆಯುಷ್ಯ ಕಳೆದಿದ್ದಳು. ಮೊಮ್ಮಗಳು ಹಾಗೆ ನಿಲ್ಲಬಾರದು ಎನ್ನುವುದೊಂದೇ ಅವಳ ಆಸೆ.

ಅರ್ಚನಳ ಕೈಯಲ್ಲಿದ್ದ ಮೊರ ನಿಂತಿತು. "ಇನ್ನೂ ನಾಕ್ ವರ್ಸ ಅತ್ತೆ. ನನ್ ಕೈ ಮೇಲೆ ತಲೆ ಇಟ್ರೇನೇ ಅದ್ಕೆ ನಿದ್ದೆ."

"ನಿನ್ ಕೈ ಮೇಲೇ ಮಲಗ್ಸ್ಕಂಡು, ನಿನ್ನಂಗೇ ಅರಿಸ್ನ ಕೀಳಕ್ ಕಳಿಸ್ತೀಯ?"

ಅರ್ಚನ ಮತ್ತೆ ಮೊರ ಕೇರತೊಡಗಿದಳು. ಅವಳ ಗಂಡ ಗುರುಮೂರ್ತಿ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಅವ್ವ ಯೋಳದೂ ಸರಿನೇಯ," ಎಂದು ಮೋಟರ್ ನೋಡುವ ನೆಪದಲ್ಲಿ ಎದ್ದುಹೋದ.

ಎರಡು ದಿನ ಮೇಘ ಊರಿನ ಬಾಲವಾಡಿಗೆ, ಅಂದರೆ ಅಂಗನವಾಡಿಗೆ, ಹೋಗಲಿಲ್ಲ. ಶನಿವಾರ ಬಾಲವಾಡಿ ಟೀಚರ್ ಹೊನ್ನಮ್ಮ ಮನೆಗೇ ಹುಡುಕಿಕೊಂಡು ಬಂದಳು. ಅವಳು ತಾಳಮಲೆಯ ಕಾಡಿನವಳು. ನಗುತ್ತಲೇ ಮಾತು ಶುರು ಮಾಡುವವಳು.

"ಎಲ್ ದೊಡ್ಡವ್ವ ನಮ್ ಮೇಘ?"

"ಇನ್ಮೇಲ್ ಬರಕಿಲ್ಲ ಟೀಚರಮ್ಮ. ಸೋಮವಾರ ಚಾಮ್ರಾಜ್‌ನಗ್ರಕ್ ಓಯ್ತಳೆ. ಇಲ್ಲೇನ್ ಕಲೀತಳೆ? ಅವ್ರವ್ವ ದಿನಾ ಕಸ ತತ್ತಳೆ. ಮೊನ್ನೆ ಏನ್ ತಂದ್ಲು ಗೊತ್ತಾ? ಆನೆ ಲದ್ದಿ! ತೆಂಗಿನ್ ಚಿಪ್ನಲ್ಲಿ ಆಕಿ ಜಗ್ಲಿ ಮೇಲ್ ಮಡಗವ್ಳೆ!"

ಹೊನ್ನಮ್ಮ ಗಟ್ಟಿಯಾಗಿ ನಕ್ಕಳು. "ಅದ್ಕ್ಯಾಕ್ ಮೂಗ್ ಮುಚ್ಕತೀಯೆ? ದೀಪಾವಳಿ ಆದ್ಮೇಲೆ ಗುಮಟಾಪುರದ ಸಗಣಿ ಎರಚಾಡೋ ಅಬ್ಬದಲ್ಲಿ ನಿನ್ ಮಗ ಮೈಗೆಲ್ಲ ಸಗಣಿ ಒಡೆಸ್ಕಂಡು ಬಂದ್ನಲ್ಲ, ಬೆನ್ ತಿಕ್ಕಿ ನೀರುಯ್ದೋರು ಯಾರು?"

"ಅದು ದೇವ್ರುದು ಕಣೆ!"

"ಇದೂ ದೇವ್ರುದೇಯ. ಚಿಪ್ಪಿನ್ ಒಳಗೆ ನೋಡು. ಆನೆ ತಿಂದ ಉಣಿಸೆ ಬೀಜ ಲದ್ದೀಲಿ ಮೊಳ್ತದೆ. ಇದ ಕಂಡ್ ಕೂಸು ಸುಮ್ನಿರ್ತದಾ? ಆನೆ ಯಾಕ್ ತಿಂತು, ಬೀಜ ಯಾಕ್ ಸಾಯ್ನಿಲ್ಲ ಅಂತ ಕೇಳ್ತದೆ. ಅಲ್ಲೇ ಕಲಿಯಾದು ಸುರು ಆಯ್ತು."

"ಅಕ್ಸರ?"

"ಬತ್ತದೆ. ನಾಕ್ ವರ್ಸದ್ ಕೂಸು ಮೊದ್ಲು ಮುಟ್ಟಬೇಕು, ಜೋಡಿಸ್ಬೇಕು, ಕೆಡವ್ಬೇಕು. ಯಾಕೆ ಅಂದ್ರೆ ಒಬ್ರು ಕೂತು ಉತ್ರ ಕೊಡ್ಬೇಕು. ನಮ್ಗೂ ಟ್ರೈನಿಂಗ್ನಲ್ಲಿ ಇದ್ನೇ ಯೋಳ್ಕೊಟ್ಟವ್ರೆ. ಬೆರಳು ಪಳಗಿ, ಬಾಯಲ್ಲಿ ಮಾತು ತುಂಬುದ್ರೆ ಪೆನ್ಸಿಲ್ ಇಡ್ಯಕ್ ಎಷ್ಟೊತ್ತು?"

ಆಮೇಲೆ ಅರ್ಚನಳ ಕಡೆ ತಿರುಗಿ ದನಿ ಬದಲಿಸಿದಳು. "ಚೆಂದಾಗದೆ ಅಂತ ಗುಲಗಂಜಿ ಮಾತ್ರ ತರ್ಬೇಡ ಕಣವ್ವ. ವಿಸ ಅದು. ಅರಳೆಣ್ಣೆ ತೆಗೆಯೋ ಅರಳು ಬೀಜಾನೂ ಬೇಡ. ಸಣ್ಣ ಕೂಸಿರೋ ಮನೇಲಿ ಬಾಯ್ಗ್ ಮೂಗ್ಗ್ ಓಗೋವಂತ ಬೀಜ ಯಾವ್ದೂ ನೆಲದ್ ಮೇಲ್ ಬುಡ್ಬಾರ್ದು. ಲದ್ದಿ, ಮಣ್ಣು ಮುಟ್ಟುದ್ ಮೇಲೆ ಸೋಪಾಕಿ ಕೈ ತೊಳ್ಸು."

ವೆಂಕಟಮ್ಮ ಇನ್ನೂ ಸೋಲಲಿಲ್ಲ. "ಈ ಕೂಸು ಬಾಯೇ ಬುಡಕಿಲ್ಲ. ಇನ್ ಕೇಳದೆಲ್ಲಿ ಬಂತು?"

"ನೀ ಒಂದಿನಾನಾರ ಕೇಳಿದ್ದೀಯ ದೊಡ್ಡವ್ವ?"

"ನಂಗ್ ಬೇರೆ ಕ್ಯಾಮೆ ಇಲ್ವಾ?" ಎಂದು ವೆಂಕಟಮ್ಮ ಮುಖ ತಿರುಗಿಸಿದಳು.

ಭಾನುವಾರ ಬಂತು. ಮೇಘಳ ಲಂಗ, ಫ್ರಾಕು ಎಲ್ಲ ಮಡಿಸಿ ಚೀಲಕ್ಕೆ ತುಂಬಿಯಾಗಿತ್ತು. ಅರ್ಚನ, ಗುರುಮೂರ್ತಿ ಇಬ್ಬರೂ ಉಳಿದ ಅರಿಸಿನ ಬೇಯಿಸಲು ಹೊಲಕ್ಕೆ ಹೋಗಿದ್ದರು. ಬೇಯಿಸಿದ ಅರಿಸಿನ ಮನೆಯ ಮುಂದೆ ಒಣಗುತ್ತಿತ್ತು. ವೆಂಕಟಮ್ಮನ ಕಣ್ಣಿಗೆ ಅಂಗಳವೆಲ್ಲ ಒಂದು ಹಳದಿ ಮಂಜು. ಮೇಕೆ ಬಾರದಂತೆ ಕೋಲು ಹಿಡಿದು ಕೂತಿದ್ದವಳು ಎದ್ದು ಜಗಲಿಯ ಮೇಲೆ ಕಾಲಿಟ್ಟಳು. ಕಾಲಿಗೆ ಏನೋ ತಗುಲಿತು.

"ಅಯ್ಯೋ, ಇಲ್ಯಾರು ಅರಿಸ್ನ ಅರಡಿರದು?" ಎಂದು ಬಗ್ಗಿ ಕೈಯಿಂದ ಬಳಿಯಲು ಹೋದಳು.

ಪುಟ್ಟ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು. "ಕೆಡುಸ್ಬೇಡ ಅಜ್ಜಿ. ಓಯ್ತಾ ಅವೆ."

"ಏನ್ ಓಯ್ತಾ ಅವೆ?"

"ಕಣ್ಣಲ್ಲಲ್ಲ ಅಜ್ಜಿ. ಕೈಯಲ್ಲಿ ನೋಡು."

ವೆಂಕಟಮ್ಮ ಹಾಗೇ ನಿಂತಳು. ಎರಡು ವರ್ಷದಿಂದ ಎಲ್ಲರೂ ಅವಳಿಗೆ ಹೇಳುತ್ತಿದ್ದುದು ಒಂದೇ ಮಾತು, ನಿಂಗ್ ಕಾಣಕಿಲ್ಲ, ಸುಮ್ನೆ ಕೂತ್ಕೊ ಅಂತ. ನೋಡು ಎಂದು ಯಾರೂ ಕರೆದಿರಲಿಲ್ಲ.

ಅವಳು ಕೂತಳು. ಬೆರಳು ಮುಂದಕ್ಕೆ ಹೋಯಿತು. ಮೊದಲು ಒಂದು ದಪ್ಪ ಗೆಡ್ಡೆ. ಅದರಿಂದ ಬಾಗಿ ಇಳಿದ ಒಂದು ಅರಿಸಿನ ಕೊಂಬು. ಸೊಂಡಿಲು! ಹಿಂದೆ ಇನ್ನೊಂದು, ಸ್ವಲ್ಪ ಚಿಕ್ಕದು. ಅದರ ಹಿಂದೆ ಮತ್ತೊಂದು. ಪಕ್ಕದಲ್ಲಿ ಹಳ್ಳದ ಕಲ್ಲು, ಅದು ಬೆಟ್ಟ. ಕೊನೆಗೆ ತೆಂಗಿನ ಚಿಪ್ಪಿನ ಹುಣಸೆ ಸಸಿ, ಅದು ಕಾಡು. ವೆಂಕಟಮ್ಮನ ಕೈ ಸಾಗಿದಂತೆ ಮೇಘ ಎಣಿಸುತ್ತಿದ್ದಳು.

"ಏಳು ಅಜ್ಜಿ. ಮರಿ ಸೇರುದ್ರೆ ಎಂಟು."

"ದೊಡ್ಡದ್ರಿಂದ ಸಣ್ಣದ್ಕೆ ಸಾಲಾಗ್ ಮಡಗಿದ್ದೀಯೆ. ಈ ಚೂರು ಯಾಕ್ ನಡೂಕ್ ಬಂತು? ತಪ್ಪಾಯ್ತಲ್ಲ ಕೂಸೆ."

"ತಪ್ಪಲ್ಲ. ಅದೇ ಮರಿ. ಮರೀನ ಮುಂದ್ಕೂ ಕಳ್ಸಕಿಲ್ಲ, ಇಂದ್ಕೂ ಬುಡಕಿಲ್ಲ. ಸುತ್ತ ಎಲ್ರೂ ಇರ್ಬೇಕು. ಆಗ್ಲೇ ಅದು ದಾರಿ ಕಲಿಯಾದು. ಲದ್ದಿ ತಂದ್ ದಿನ ಅವ್ವ ಯೋಳ್ತು."

ವೆಂಕಟಮ್ಮನ ಬೆರಳು ಆ ಚೂರಿನ ಮೇಲೇ ಉಳಿಯಿತು. ಒಳಗೆ ಎಲ್ಲೋ ಒಂದು ಮಂಜು ಸರಿಯಿತು. ಅವಳಿಗೆ ಆಗ ಏಳೋ ಎಂಟೋ ವರ್ಷ. ಅಪ್ಪನ ಜೊತೆ ತಾಳಮಲೆ ದಾರಿಯಲ್ಲಿ ನಡೆದು ಬರುತ್ತಿದ್ದಳು. ಮಂಜಿನೊಳಗಿಂದ ಮಂಜೇ ಎದ್ದು ಬಂದಂತೆ ಆನೆಗಳು ದಾರಿ ದಾಟಿದವು. ಕಂಬದಂಥ ಕಾಲುಗಳ ನಡುವೆ ನಾಲ್ಕು ಪುಟ್ಟ ಕಾಲು. ಅಪ್ಪ ಅವಳ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಈಗ ಹೇಳಿದಳು. ಬಾಯೇ ಬಿಡದ ಕೂಸು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿತು. ಮಳೆ ಬತ್ತಿತ್ತಾ? ಮರಿ ನಿನ್ನ ನೋಡ್ತಾ? ನಡುದ್ರೆ ಎಂತಾ ಸದ್ದು ಬತ್ತಿತ್ತು?

"ಸದ್ದೇ ಇಲ್ಲ ಕೂಸೆ. ಅಷ್ಟ್ ದೊಡ್ಡ ಆನೆ, ಅರಳೆ ಮೇಲ್ ನಡ್ದಂಗೆ."

ಅರಿಸಿನ ಕಾಯುವುದು ಮರೆತೇಹೋಯಿತು. ಒಂದು ಮೇಕೆ ಬಂದು ಮೂಸಿ ನೋಡಿ, ರುಚಿಸದೆ ಹೊರಟುಹೋಯಿತು.

ಸಂಜೆ ಪೂಜ ಫೋನ್ ಮಾಡಿದಳು. "ನಾಳೆ ಎಷ್ಟೊತ್ನ ಬಸ್ಸಿಗೆ ಬತ್ತೀರಿ ಅವ್ವ?"

"ಬರಕಿಲ್ಲ ಕಣವ್ವ. ಮರಿ ಇನ್ನೂ ದಾರಿ ಕಲೀತಾ ಅದೆ. ನಮ್ ನಡೂಕೇ ಇರ್ಲಿ. ಬಾಲವಾಡಿಗೆ ಓಗ್ಲಿ, ಆಮೇಲೆ ಇಸ್ಕೂಲು."

"ಮತ್ತೆ ಎ ಬಿ ಸಿ ಡಿ?"

"ಅದೂ ಬತ್ತದೆ. ನೀ ಬಂದಾಗ ಅದ್ರ ಪಕ್ಕ ಕೂತು ಏನಾರ ಕೇಳ್ ನೋಡು. ಎದ್ದೋಗಕೇ ಬುಡಕಿಲ್ಲ ಅದು."

ಅರ್ಚನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಚೀಲದಿಂದ ಫ್ರಾಕುಗಳನ್ನು ಒಂದೊಂದಾಗಿ ತೆಗೆದು ಹಗ್ಗದ ಮೇಲೆ ಹಾಕಿದಳು. ಕೈಯ ಅರಿಸಿನ ಎಲ್ಲದಕ್ಕೂ ಅಂಟಿತು.

ಮರುದಿನ ಮೇಘ ಬಾಲವಾಡಿಯಿಂದ ಬಂದಾಗ ಅಜ್ಜಿ ಜಗಲಿಯ ಮೇಲೆ ಸೆರಗಿನ ಗಂಟು ಹಿಡಿದು ಕೂತಿದ್ದಳು. ಮೇಘ ಬೆರಳಾಡಿಸಿದಳು. ಉದ್ದಕ್ಕಿತ್ತು. ಒಳಗೆ ಗಲಗಲ ಎಂದಿತು.

"ಅಜ್ಜೀ! ಇದು ತಿಪ್ಪೆಗ್ ಓಗಿತ್ತಲ್ಲ?"

"ಊಂ. ಬೆಳಗ್ಗಿಂದ ಕೈಯಲ್ಲೇ ನೋಡ್ ನೋಡಿ ಉಡ್ಕ್ದೆ. ತೊಳ್ದೂ ಮಡಗಿವ್ನಿ," ಎಂದಳು ವೆಂಕಟಮ್ಮ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಗುವಿನ ಬುದ್ಧಿ ಬೆಳೆಸುವ ಸಾಮಾನು ನೀವು ದಿನಾ ನಡೆಯುವ ದಾರಿಯಲ್ಲೇ ಬಿದ್ದಿದೆ. ನಾಳೆ ಹೊಲದಿಂದ, ಸಂತೆಯಿಂದ ಬರುವಾಗ ಒಂದನ್ನು ಸೆರಗಿನಲ್ಲೋ ಟವೆಲಿನಲ್ಲೋ ಕಟ್ಟಿಕೊಂಡು ಬನ್ನಿ. ವಿಷದ ಕಾಯಿಬೀಜ ಬೇಡ, ಚೂಪಾದದ್ದು ಬೇಡ. ಫೋನನ್ನು ಸ್ವಲ್ಪ ಹೊತ್ತು ಗೋಡೆಯ ಗೂಡಿನಲ್ಲಿಟ್ಟು ಮಗುವಿನ ಪಕ್ಕ ಕೂರಿ. ನಿಮ್ಮ ಮನೆಮಾತಿನಲ್ಲೇ ಕೇಳಿ, ಅದು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ. ಬಾಲವಾಡಿಗೆ ದಿನಾ ಕಳಿಸಿ. ನಾಳೆ ಜಗಲಿ ಗುಡಿಸುವಾಗ ಪೊರಕೆಗೆ ಒಂದು ಕಲ್ಲು, ಒಂದು ಕಡ್ಡಿ ಸಿಕ್ಕರೆ ಎಸೆಯುವ ಮೊದಲು ಒಮ್ಮೆ ಬಗ್ಗಿ ನೋಡಿ. ಅಲ್ಲಿ ಒಂದು ಆನೆಹಿಂಡು ದಾರಿ ದಾಟುತ್ತಿರಬಹುದು.