ಕಲಸಿಟ್ಟ ಡೈ

ಯಾವ ಹೆಂಗಸಿನ ಹೊಟ್ಟೆಯಲ್ಲಿ ಏನಿದೆಯೆಂಬುದು ಅವಳ ಗಂಡನಿಗಿಂತ ಮೊದಲು ಪಾರ್ಲರಿನವಳಿಗೆ ಗೊತ್ತಾಗುತ್ತಿತ್ತು. ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಆರು ವಾರಕ್ಕೊಮ್ಮೆ ತಪ್ಪದೆ ತಲೆಗೆ ಡೈ ಹಾಕಿಸಿಕೊಳ್ಳುವವಳು ಒಂದು ದಿನ ಕುರ್ಚಿಯಲ್ಲಿ ಕೂತು, "ಈ ಸಲ ಡೈ ಬೇಡ, ಬರೀ ಕಟ್ ಸಾಕು" ಎಂದಳೋ, ಮುಗಿಯಿತು. ಏನೂ ಆಗುವುದಿಲ್ಲವೆಂದು ಡಾಕ್ಟರೇ ಹೇಳಿದರೂ ಮೊದಲ ಮೂರು ತಿಂಗಳು ಯಾರಿಗೆ ಧೈರ್ಯ?

ಪಾರ್ಲರಿನವಳೇ ಎರಡು ವರ್ಷದಿಂದ ತನ್ನ ತಲೆಗೆ ಡೈ ಮುಟ್ಟಿಸಿರಲಿಲ್ಲ. ಆಸ್ಪತ್ರೆಯಲ್ಲಿ ಮೂರು ಸಲ ಭ್ರೂಣ ಇಟ್ಟರು, ಮೂರು ಸಲವೂ ನಿಲ್ಲಲಿಲ್ಲ. ಇನ್ನು ಸಾಕು ಎಂದು ಡಾಕ್ಟರು ಹೇಳಿಯೂ ಆಗಿತ್ತು. ಆದರೂ ಡೈ ಮುಟ್ಟಲಿಲ್ಲ. ಮುಟ್ಟಿದರೆ ತಾನೂ ಒಪ್ಪಿಕೊಂಡ ಹಾಗೆ. ನಲವತ್ತೊಂದಕ್ಕೇ ತಲೆ ಬೂದಿಗುಡ್ಡೆ.

"ದೀಪದ ಬುಡದಲ್ಲಿ ಕತ್ತಲೆ ಅಂತಾರೆ, ನಿಂದು ಉಲ್ಟಾ ಕಣಮ್ಮ, ಬುಡವೆಲ್ಲ ಬೆಳ್ಳಗೆ!" ಎಂದು ಗಿರಾಕಿ ಟೀಚರಮ್ಮ ನಕ್ಕರೆ, "ತಲೆ ಅಲ್ಲಾಡಿಸ್ಬೇಡಿ, ಕಿವಿ ಹೋಗುತ್ತೆ" ಎನ್ನುತ್ತಿದ್ದಳು.

ಆ ಮೂರು ಸಲವೂ ಸಂಜೆ ಏಳಕ್ಕೆ ಸರಿಯಾಗಿ ಮಹಡಿಯಿಂದ ಇಳಿದು ಬಂದು ಅವಳ ಹೊಟ್ಟೆಗೆ ಸೂಜಿ ಚುಚ್ಚುತ್ತಿದ್ದವಳು ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ಗಂಡ ಮಹಾಶಯನಿಗೆ ಸೂಜಿ ಕಂಡರೆ ಕಣ್ಣು ಕತ್ತಲೆ. ವಾರಗಿತ್ತಿಯದು ಹೂವಿನಂಥ ಕೈ. "ಅಕ್ಕ, ಉಸಿರು ಬಿಡು" ಎನ್ನುವಷ್ಟರಲ್ಲಿ ಮುಗಿದಿರುತ್ತಿತ್ತು. ಮೂರನೆಯದೂ ಕೈಕೊಟ್ಟ ದಿನ ಇಬ್ಬರೂ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದರು.

ಅದಾಗಿ ಆರು ವಾರ. ವಾರಗಿತ್ತಿ ಡೈ ಹಾಕಿಸಿಕೊಳ್ಳುವ ಸರದಿ ಕಳೆದೇ ಮೂರು ವಾರ. ಒಂದು ವಾರ ತಲೆನೋವು, ಇನ್ನೊಂದು ವಾರ ನೆಗಡಿ, ಆಮೇಲೆ ನೆಂಟರು. ಬೈತಲೆಯಲ್ಲಿ ಬೆರಳಗಲ ಬಿಳಿ. ಪಾರ್ಲರಿನವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಟ್ಟೆಯೊಳಗೆ ಕೆಂಡ ಬಿತ್ತು. ಎರಡು ಮಕ್ಕಳೇ ಸಾಕೆಂದು ತೊಟ್ಟಿಲನ್ನೂ ಯಾರಿಗೋ ಕೊಟ್ಟು ಕೈತೊಳೆದುಕೊಂಡವಳಿಗೆ ಮೂರನೆಯದು! ಅದಕ್ಕಿಂತ ಹೆಚ್ಚು ಉರಿದದ್ದು ಆ ಮುಚ್ಚುಮರೆಗೆ. ನನ್ನ ಹೊಟ್ಟೆಯ ಒಂದೊಂದು ಸೂಜಿಗಲೆಯನ್ನೂ ಬಲ್ಲವಳು ತನ್ನದನ್ನು ನನ್ನಿಂದಲೇ ಬಚ್ಚಿಡುತ್ತಾಳೆ. ನನ್ನ ಕಣ್ಣು ಬೀಳುತ್ತದೆಂದು ತಾನೇ?

ಮನೆಯ ಮುಂಗೋಣೆಯಲ್ಲೇ ಇದ್ದ ಪಾರ್ಲರಿಗೆ ರಜೆಯಿದ್ದ ದಿನ ಮೆಟ್ಟಿಲ ಕೆಳಗೆ ನಿಂತು ಕೂಗಿದಳು. "ಬಾರೇ ಕೆಳಗೆ, ನಿನ್ನ ತಲೆ ಮುಗಿಸ್ತೀನಿ."

"ಇವತ್ತೇ ಯಾಕಕ್ಕ..."

"ಡೈ ಕಲಸಿ ಆಯ್ತು. ಕಲಸಿದ್ದು ಇಡೋಕಾಗಲ್ಲ. ಬೇಡ ಅಂದ್ರೆ ಯಾಕೆ ಬೇಡ ಅಂತ ಹೇಳು."

ಹೇಳಲಿ, ಗೋಗರೆಯಲಿ, ಬೇಡಿಕೊಳ್ಳುವವರ ಜಾಗದಲ್ಲಿ ಒಮ್ಮೆ ಅವಳೂ ನಿಲ್ಲಲಿ. ಅಷ್ಟೇ ಇವಳಿಗೆ ಬೇಕಿದ್ದದ್ದು.

ವಾರಗಿತ್ತಿ ಇಳಿದು ಬಂದು ಕೂತಳು. ಕೊರಳಿಗೆ ಟವೆಲ್ ಸುತ್ತಿಸಿಕೊಂಡಳು. ಘಾಟು ಮೂಗಿಗೆ ಹೊಡೆದಾಗ ಬಾಯಿ ಬಿಗಿಹಿಡಿದು ವಾಕರಿಕೆ ನುಂಗಿದಳು. ಬ್ರಶ್ ಬೈತಲೆಯ ಹತ್ತಿರ ಬಂತು, ಕಣ್ಣು ಮುಚ್ಚಿದಳು. ಹೇಳಿ ಅಕ್ಕನನ್ನು ನೋಯಿಸುವುದಕ್ಕಿಂತ ಇದೇ ವಾಸಿ ಎಂದುಕೊಂಡ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು.

ಪಾರ್ಲರಿನವಳ ಕೈ ಅಲ್ಲೇ ನಿಂತಿತು. ಸೂಜಿ ಚುಚ್ಚುವಾಗ ವಾರಗಿತ್ತಿಯ ಕೈ ಇವಳನ್ನು ಒಂದು ಸಲವೂ ನೋಯಿಸಿರಲಿಲ್ಲ.

"ಎಷ್ಟು ವಾರ?"

"ಹನ್ನೊಂದು."

"ಥೂ, ಕಳ್ಳಿ! ಬಾಯಿಗೇನು ಬೀಗ ಜಡಿದಿತ್ತಾ?"

"ಹೇಗೆ ಹೇಳ್ಲಿ ಅಕ್ಕ? ಬಚ್ಚಲಲ್ಲಿ ನೀನು ಅಳ್ತಿದ್ದಾಗ್ಲೇ ನಂಗೆ ತಿಂಗಳು ತಪ್ಪಿತ್ತು."

ಪಾರ್ಲರಿನವಳು ಟವೆಲ್ ಕಿತ್ತೆಳೆದಳು. "ಹೊಟ್ಟೆ ಉರೀತಿದೆ ಕಣೇ, ಸುಳ್ಳು ಯಾಕೆ ಹೇಳ್ಲಿ. ಅದು ಹುಟ್ಟಿದ್ಮೇಲೂ ಉರಿಯುತ್ತೆ. ನಾನಾಗಿ ಕೇಳೋವರೆಗೂ ಎತ್ಕೋ ಅಂತ ತಂದು ಮಡಿಲಿಗೆ ಹಾಕ್ಬೇಡ."

"ಹಾಕಲ್ಲ." ವಾರಗಿತ್ತಿ ಮೂಗೊರೆಸಿಕೊಂಡಳು. "ಡೈ ವೇಸ್ಟಾಗುತ್ತಲ್ಲ ಅಕ್ಕ. ಕೊಡು, ನಿಂಗೆ ನಾನು ಹಾಕ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ! ಏಳು, ಹೋಗಿ ಆ ಕಿಟಕಿ ತೆಗೆದು ಅಲ್ಲೇ ನಿಂತ್ಕೋ."

ವಾರಗಿತ್ತಿ ಎದ್ದ ಕುರ್ಚಿಯಲ್ಲಿ ತಾನೇ ಕೂತಳು. ಗಿರಾಕಿಗಳ ಕುರ್ಚಿಯಿಂದ ಕನ್ನಡಿ ಬೇರೆಯೇ ಕಂಡಿತು. ಬಟ್ಟಲು ಮಡಿಲಲ್ಲಿಟ್ಟುಕೊಂಡು ಬ್ರಶ್ ಅದ್ದಿದಳು. ಹಣೆಯ ಹತ್ತಿರ ತಂದವಳು ಹಾಗೇ ಬಿಗಿದು ಕೂತಳು.

"ಅಕ್ಕ, ಉಸಿರು ಬಿಡು," ಕಿಟಕಿಯ ಕಡೆಯಿಂದ ದನಿ ಬಂತು.

"ಬಿಡ್ತೀನಿ, ಬಾಯ್ಮುಚ್ಕೊಂಡಿರೇ."

ಹಣೆಯ ಮೇಲೆ ಮೊದಲ ಕಪ್ಪು ಗೆರೆ ಬಿತ್ತು. ಕಣ್ಣು ತುಂಬಿದ್ದು ಡೈಯ ಘಾಟಿಗೆ ಎಂದು ಅವಳು ಹೇಳಲೂ ಇಲ್ಲ, ವಾರಗಿತ್ತಿ ಕೇಳಲೂ ಇಲ್ಲ. ಬ್ರಶ್ ತಲೆಯ ಹಿಂಭಾಗ ದಾಟಿ ಬಟ್ಟಲಿಗೆ ಮರಳಿದಾಗ ವಾರಗಿತ್ತಿ ಕಿಟಕಿಯಿಂದಲೇ ಅಂದಳು:

"ಹಿಂದೆ, ಎಡಗಡೆ. ಒಂದು ಹಿಡಿ ಬಿಟ್ಟಿದ್ದೀಯ."