ಜ್ವರ ಬಿಟ್ಟ ದಿನ

ಗಂಡ ತೀರಿಕೊಂಡು ವರ್ಷವಾಗಿತ್ತು. ಊರು ಬದಲಾದರೆ ಮನಸ್ಸೂ ಬದಲಾದೀತೆಂದು ಅತ್ತೆಯೇ ನನ್ನನ್ನು ಮದ್ರಾಸಿಗೆ, ಅಕ್ಕನ ಮನೆಗೆ ಕಳಿಸಿದರು. ಅಲ್ಲಿ ನೀರಿನ ತ್ರಾಸು. ಅಕ್ಕ ಮೆಟ್ಟಿಲ ಕೆಳಗೆ ಮೂರು ಡ್ರಮ್ಮು ತುಂಬಿಟ್ಟಿದ್ದಳು. ಹಗಲೆಲ್ಲ ಅವುಗಳ ಬಾಜು ಕೂತು ಓದುತ್ತಿದ್ದೆ. ಸೊಳ್ಳೆ ಕಚ್ಚುತ್ತಿದ್ದವು, ಓಡಿಸುವ ಮನಸ್ಸೂ ಇರಲಿಲ್ಲ.

ಅಣ್ಣಿಗೇರಿಯ ಹತ್ತಿರದ ನಮ್ಮ ಹಳ್ಳಿಗೆ ಮರಳಿದ ಮೂರನೆಯ ದಿನ ಜ್ವರ ಬಂತು. ಕಣ್ಣಿನ ಹಿಂದೆ ನೋವು. ಎಲುಬೆಲ್ಲ ಒನಕೆಯಿಂದ ಕುಟ್ಟಿದಂತೆ. ಅತ್ತೆ ಅನ್ನವ್ವ ಅಂಗಡಿಯಿಂದ ತಲೆನೋವಿನ ಗುಳಿಗೆ ತಂದರು. ಓಣಿಗೆ ಬಂದಿದ್ದ ಸರಕಾರಿ ನರ್ಸ್ ರಜಿಯಾಬಿ ಅದನ್ನು ಕಸಿದುಕೊಂಡರು. ಅವರು ಮೊದಲು ಮದ್ರಾಸಿನ ಕಡೆ ಕೆಲಸ ಮಾಡಿದವರು. ಎಲ್ಲಿಗೆ ಹೋಗಿದ್ದೆ, ಬಂದು ಎಷ್ಟು ದಿನವಾಯಿತು ಎಂದು ಕೇಳಿದರು. ಹಗಲು ಕಚ್ಚುವ ಸೊಳ್ಳೆಯಿಂದ ಬರುವ ಡೆಂಗೀ ಇರಬಹುದು, ಆ ಗುಳಿಗೆ ನುಂಗಿದರೆ ರಕ್ತ ಒಸರುವುದು ಹೆಚ್ಚುತ್ತದೆ ಎಂದು ಹೇಳಿ ಬೇರೆ ಗುಳಿಗೆ ಕೊಟ್ಟರು. ನನ್ನನ್ನು ಕಚ್ಚಿದ ಸೊಳ್ಳೆ ಊರಿಗೆಲ್ಲ ಜ್ವರ ಹಂಚೀತೆಂದು ಹಗಲಲ್ಲೂ ಪರದೆಯೊಳಗೆ ಮಲಗಿಸಿದರು.

ಜ್ವರದ ಐದನೆಯ ದಿನ ಬೆಳಿಗ್ಗೆ ಮೈ ತಣ್ಣಗಾಯಿತು. ಜ್ವರ ಬಿಟ್ಟವರಿಗೆ ಬೇವಿನೆಲೆಯ ಬಿಸಿನೀರು ಎರೆದು, ದ್ಯಾಮವ್ವನ ಗುಡಿಗೆ ನಡೆಸಿಕೊಂಡು ಹೋಗುವುದು ಮನೆಯ ಪದ್ಧತಿ. ಅತ್ತೆ ಗುನುಗುತ್ತ ಹಂಡೆಗೆ ಉರಿ ಹಚ್ಚಿದರು. ವರ್ಷದಿಂದ ಆ ದನಿ ಕೇಳಿರಲಿಲ್ಲ. ಬಾಯಿ ಮುಕ್ಕಳಿಸುವಾಗ ರಕ್ತ ಬಂದಿದ್ದನ್ನು, ಹೊಟ್ಟೆ ಹಿಂಡುತ್ತಿದ್ದುದನ್ನು ನಾನು ಹೇಳಲಿಲ್ಲ. ಹೇಳಬೇಕೆನಿಸಲಿಲ್ಲ, ಅಷ್ಟೇ.

ಜ್ವರ ಬಿಟ್ಟ ಸುದ್ದಿ ಕೇಳಿ ರಜಿಯಾಬಿ ಬಂದಾಗ ನಾನು ಬಚ್ಚಲಲ್ಲಿ ಕೂತಿದ್ದೆ.

“ನೀರ ಹಾಕಬ್ಯಾಡ್ರಿ, ಅನ್ನಕ್ಕಾ.”

“ಜ್ವರ ಬಿಟ್ಟಾವಲ್ರಿ ನರ್ಸಬಾಯಿ. ಮೈ ಅಗದಿ ತಣ್ಣಗಾಗೇತಿ.”

“ಅದಕ್ಕ ಓಡಿ ಬಂದೀನ್ರಿ. ಈ ಜ್ವರ ಬಿಟ್ಟ ಮ್ಯಾಲೆ ಎರಡು ದಿನ ಭಾಳ ಜ್ವಾಕಿ ಇರಬೇಕು.”

ನಾಡಿ ಹುಡುಕಿದರು, ಬೇಗ ಸಿಗಲಿಲ್ಲ. ಹಲ್ಲಲ್ಲಿ ರಕ್ತ ಬಂತೇ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ.

ಅತ್ತೆ ತಂಬಿಗೆ ಕೆಳಗಿಟ್ಟರು. “ಎಂ.ಎ. ಓದಿದಾಕಿ, ಇಷ್ಟ ಹೇಳಾಕ ಬರಲಿಲ್ಲೇನ ನಿನಗ? ನನಗರ ಇನ್ನ ಯಾರದಾರ ಬೇ?”

ನಮ್ಮ ಓಣಿಯ ಮಶಾಕಸಾಬರು ತಮ್ಮ ಟೆಂಪೊದಿಂದ ಮೆಣಸಿನಕಾಯಿ ಚೀಲ ಇಳಿಸಿ ನಮ್ಮನ್ನು ಹುಬ್ಬಳ್ಳಿಗೆ ಒಯ್ದರು. ದಾರಿಯುದ್ದಕ್ಕೂ ರಜಿಯಾಬಿ ಉಪ್ಪು ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಹಚ್ಚಿದರು. ಆ ಹೊತ್ತು ಗುಡಿಗೆ ನಡೆಸಿದ್ದರೆ ದಾರಿಯಲ್ಲೇ ಬೀಳುತ್ತಿದ್ದೆನೆಂದು ಡಾಕ್ಟರು ಅತ್ತೆಗೆ ಹೇಳಿದರಂತೆ.

ಮೂರನೆಯ ದಿನ ರಜಿಯಾಬಿ ನೋಡಲು ಬಂದರು. ಅವರು ಕೇಳುವ ಮೊದಲೇ ಎಲ್ಲ ಹೇಳಿದೆ: ಹೊಟ್ಟೆನೋವಿಲ್ಲ, ರಕ್ತ ನಿಂತಿದೆ, ಮೂತ್ರ ಸರಿಯಾಗಿದೆ. ಹಸಿವಾಗಿದೆ, ರೊಟ್ಟಿ ತಿನ್ನಬೇಕೆನಿಸಿದೆ.

ಇನ್ನೆರಡು ದಿನ ಮೆತ್ತಗಿನ ಅನ್ನವೇ ಎಂದರು. ಅತ್ತೆ ಅವರ ಎರಡೂ ಕೈ ಹಿಡಿದುಕೊಂಡು ಕೂತರು. ಬಹಳ ಹೊತ್ತು ಬಿಡಲಿಲ್ಲ.