ಪೈಪು ಎಟುಕುವಷ್ಟು ಹಸಿರು

ಕಬ್ಬಿಣದ ಚೌಕಟ್ಟು ಅವಳ ಎಡಭುಜದ ಮೇಲಿಂದ ಹಾರಿ ಹಿಂದೆಲ್ಲೋ ಹುಲ್ಲಿನಲ್ಲಿ ಧಪ್ಪೆಂದು ಬಿತ್ತು. ನೋಡಿ ಎಸೆಯುವಂತಿಲ್ಲ, ನೋಡಿ ಎಸೆದರೆ ಕೈ ತಾನಾಗಿ ಹಸಿರಿನ ಕಡೆಗೇ ಹೋಗುತ್ತದೆ. ಅವಳು ಹೋಗಿ ಮಂಡಿಯೂರಿ, ಆ ಒಂದು ಮೀಟರ್ ಚೌಕದೊಳಗೆ ಹುಲ್ಲೆಷ್ಟು, ಬರಿನೆಲವೆಷ್ಟು ಎಂದು ಕಣ್ಣಳತೆ ಹಾಕಿದಳು.

"ಎಂಬತ್ತು."

"ನೂರಕ್ಕೆ ಎಂಬತ್ತು!" ಎಂದ ಹಿಂದೆ ನಿಂತಿದ್ದ ಭಾವ. "ನಿಮ್ಮಕ್ಕ ನನಗೆ ಒಂದು ದಿನಾನಾದ್ರೂ ಇಷ್ಟು ಮಾರ್ಕು ಕೊಟ್ಟಿದ್ದಾಳಾ, ಕೇಳಮ್ಮ ಆಫೀಸರಮ್ಮ."

ಅವಳು ನಕ್ಕಳು. ಅಕ್ಕನ ಗಂಡ ಗಣಿ ಕಂಪನಿಯಲ್ಲಿ ಗಿಡ ನೆಡುವವರ ಮೇಸ್ತ್ರಿ. ಗಣಿಯಿಂದ ಅಗೆದು ಸುರಿದ ಈ ಕರಿಗುಡ್ಡಕ್ಕೆ ಮೇಲುಮಣ್ಣು ಹೊದಿಸಿ ಹುಲ್ಲು ಬೆಳೆಸಿದ್ದು ಅವನ ಆಳುಗಳು. ಆ ಹುಲ್ಲು ತನ್ನ ಕಾಲ ಮೇಲೆ ತಾನು ನಿಂತಿದೆಯೇ ಎಂದು ನೋಡಿ ಬರೆಯುವುದು ಇವಳ ಕೆಲಸ. ಸುತ್ತಮುತ್ತ ಪರೀಕ್ಷಕಿ ಅವಳೊಬ್ಬಳೇ ಆದ್ದರಿಂದ ನೆಂಟಸ್ತಿಕೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಎರಡು ವರ್ಷ ಒಂದು ಹನಿ ನೀರು ಹಾಕಿರಬಾರದು. ಆದರೂ ನೂರಕ್ಕೆ ಎಪ್ಪತ್ತು ಪಾಲು ನೆಲ ಮುಚ್ಚಿರಬೇಕು. ಪಾಸು ಎಂದು ಬರೆದರೆ ಕಂಪನಿ ಗುಡ್ಡದಿಂದ ಕೈತೊಳೆದುಕೊಂಡು ಹೋಗಬಹುದು.

ಗುಡ್ಡದ ಬುಡದಲ್ಲಿ ಗಣಿ ಕೆಲಸದವರ ಎರಡು ಸಾಲು ಮನೆ. ಕೊನೆಯದು ಅಕ್ಕನದು. ಹೋದ ಮಳೆಗಾಲದಲ್ಲಿ ಕರಿಕೆಸರು ಅಡುಗೆಮನೆಗೆ ನುಗ್ಗಿ, ಮಗುವನ್ನು ಕಿಟಕಿಯಿಂದ ಎತ್ತಿಕೊಡಬೇಕಾಗಿತ್ತು.

ಗುಡ್ಡದ ಕಾಲುದಾರಿಯಲ್ಲಿ ನಡೆಯುತ್ತ ಹನ್ನೆರಡು ಸಲ ಎಸೆದಳು. ಒಂದೂ ಎಪ್ಪತ್ತೈದಕ್ಕಿಂತ ಕೆಳಗೆ ಬರಲಿಲ್ಲ. ಹದಿಮೂರನೆಯ ಸಲ ಚೌಕಟ್ಟು ಕಲ್ಲಿಗೆ ಬಡಿದು, ಇಳಿಜಾರಿನಲ್ಲಿ ಜಾರಿಕೊಂಡು ದೂರ ಹೋಯಿತು.

"ಬಿಟ್ಹಾಕು, ಅಲ್ಲಿ ಕಾಲು ನಿಲ್ಲಲ್ಲ. ಇನ್ನೊಂದ್ಸಲ ಎಸಿ."

"ಬಿದ್ದಲ್ಲೇ ನೋಡ್ಬೇಕು ಭಾವ."

ಕುಳಿತುಕೊಂಡೇ ಜಾರುತ್ತ ಇಳಿದಳು. ಚೌಕದೊಳಗೆ ಐದಾರು ಒಣ ಕಡ್ಡಿ, ಬಿರುಕು ಬಿಟ್ಟ ಕರಿಮಣ್ಣು. ತಲೆಯೆತ್ತಿದಾಗ ಕಂಡಿತು: ಹಸಿರೆಲ್ಲ ದಾರಿಯ ಎರಡೂ ಬದಿಗೆ ಪಟ್ಟಿ ಹೊಡೆದಂತೆ, ಅಂಚು ಕತ್ತರಿಸಿದಷ್ಟು ನೇರ. ಹತ್ತಿ ಬಂದು ಅಂಚಿನ ಹುಲ್ಲಿಗೆ ಕೈ ಹಾಕಿದಳು. ಚಾಪೆ ಸುರುಳಿ ಸುತ್ತಿದಂತೆ ಎದ್ದು ಬಂತು. ಬೇರುಗಳೆಲ್ಲ ಅಡ್ಡಡ್ಡ ಹರಡಿದ್ದವು, ಒಂದೂ ಕೆಳಗಿಳಿದಿರಲಿಲ್ಲ. ಮಳೆ ಕಂಡು ಎರಡು ತಿಂಗಳಾಗಿತ್ತು, ಆದರೂ ಮಣ್ಣು ತೇವವಾಗಿತ್ತು.

"ನೀರು ಹಾಕಿದ್ದೀರಿ."

"ಇಬ್ಬನಿ ಇರ್ಬೇಕು."

"ಭಾವ."

ಅವನು ಕುಕ್ಕರಗಾಲಲ್ಲಿ ಕೂತ. "ಪೈಪು ಎಟುಕೋವಷ್ಟು ದೂರ ಮಾತ್ರ ಹಾಕಿದ್ವಿ. ಎಷ್ಟು ಜೋರಾಗಿ ಎಸೆದ್ರೂ ಚೌಕಟ್ಟು ಮೂವತ್ತು ಹೆಜ್ಜೆ ದಾಟಲ್ಲ. ನಿನಗಿಂತ ಮುಂಚೆ ಬಂದವರ ಕೈ ನೋಡಿ ನೋಡಿ ಕಲ್ತಿದ್ದು."

ಅವಳು ಸರಾಸರಿ ಹಾಕಿದಳು. ಕೆಟ್ಟ ಚೌಕವನ್ನು ಸೇರಿಸಿದರೂ ಎಪ್ಪತ್ತನಾಲ್ಕು. ಫಾರಂನಲ್ಲಿ ಬೇರಿಗೆ ಕಾಲಂ ಇಲ್ಲ. ನೀರು ಹಾಕಿದವನೇ ಹಾಕಿದೆ ಎಂದು ಬರೆದುಕೊಟ್ಟರೆ ಮಾತ್ರ ಫೇಲು. ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ಪೆನ್ನಿನ ಜೊತೆ ಅವನ ಮುಂದೆ ಹಿಡಿದಳು.

"ಸೈ ಹಾಕಿ."

"ಇದು ಪಾಸಾದ್ರೆ ಹೊಸ ಗಣಿಗೂ ನಾನೇ ಮೇಸ್ತ್ರಿ. ಇಲ್ದಿದ್ರೆ ಮನೇಲಿ ಕೂತು ನೊಣ ಹೊಡೀಬೇಕು."

"ನೀರು ನಿಲ್ಲಿಸಿದ ತಿಂಗಳಿಗೆ ಇದೆಲ್ಲ ಒಣಗುತ್ತೆ. ಆಮೇಲೆ ಒಂದು ದೊಡ್ಡ ಮಳೆ ಬಂದ್ರೆ ಈ ಗುಡ್ಡ ಯಾರ ಮನೆ ಮೇಲೆ ಇಳಿಯುತ್ತೆ ಅಂತ ನಾನು ಹೇಳ್ಬೇಕಾ? ಅಕ್ಕನಿಗೆ ಗೊತ್ತಾದ್ರೆ..."

"ಗೊತ್ತಾಗೋದೇನು? ದಿನಾ ಬೆಳಿಗ್ಗೆ ನನ್ಜೊತೆ ಪೈಪು ಹಿಡಿಯೋಳು ಅವಳೇ."

ಅವಳು ಕೆಳಗೆ ನೋಡಿದಳು. ಕೊನೆಯ ಮನೆಯ ಹಿಂದೆ ಅಕ್ಕ ಬಟ್ಟೆ ಹಿಂಡುತ್ತಿದ್ದಳು. ಮಗು ಬಕೆಟ್ಟಿನ ಪಕ್ಕ ನೀರಾಡುತ್ತಿತ್ತು.

"ಕೆಲಸ ಹೋದ್ರೆ ಹೋಗ್ಲಿ," ಎಂದಳು ಕೊನೆಗೆ. "ಮೂರೂ ಜನ ನಮ್ಮನೆಗೆ ಬಂದ್ಬಿಡಿ. ಒಂದು ರೂಮು ಖಾಲಿ ಇದೆ. ಬೇರೆ ಕೆಲಸ ಸಿಗೋ ತನಕ ನಾನು ನೋಡ್ಕೋತೀನಿ. ಸೈ ಮಾತ್ರ ಹಾಕಿ, ಭಾವ."

ಭಾವ ಪೆನ್ನನ್ನು ಅವಳ ಕೈಯಿಂದ ತೆಗೆದುಕೊಂಡು, ಮುಚ್ಚಳ ಹಾಕಿ, ವಾಪಸ್ಸು ಕೊಟ್ಟ.

"ಬರಲ್ಲ," ಎಂದ. "ನಾದಿನಿ ಮನೇಲಿ ಕೂತು ಉಣ್ಣಲ್ಲ. ಸೈನೂ ಹಾಕಲ್ಲ."